ಬಿಳಿ ನೆತ್ತರಿನ ಮೀನು

ಸ್ಟಿಲ್ಲೆವೋಗಿನ ತಿಮಿಂಗಿಲ ಕಾರ್ಖಾನೆಯಲ್ಲಿ ಟೋರ್ಲೀಫ್ ಬೆರ್ಗಾನ್ ಮುಟ್ಟದ ಪೈಪು ಇರಲಿಲ್ಲ, ಬಿಡದ ರೈಲೂ ಇರಲಿಲ್ಲ. ಕೊಪ್ಪರಿಗೆಗಳಿಗೆ ಹಬೆ ಹೋಗುವ ಪೈಪು, ಎಣ್ಣೆ ಹರಿಯುವ ಪೈಪು, ಬೆಟ್ಟದ ಹಿಮ ಕರಗಿದ ನೀರನ್ನು ಅಡುಗೆಮನೆಗೆ ತರುವ ಪೈಪು, ಎಲ್ಲವೂ ಅವನ ಸುಪರ್ದಿಯಲ್ಲಿದ್ದವು. ಮಹಾಯುದ್ಧದ ಐದು ವರ್ಷ ಬಿಟ್ಟರೆ ಹದಿನೇಳು ಸಲ ಅವನು ಅಕ್ಟೋಬರಿನಲ್ಲಿ ನಾರ್ವೆಯಿಂದ ಹಡಗು ಹತ್ತಿ ದಕ್ಷಿಣ ಧ್ರುವದ ಕಡೆಯ ಸೌತ್ ಜಾರ್ಜಿಯಾ ದ್ವೀಪಕ್ಕೆ ಬಂದಿದ್ದ, ಮೇ ತಿಂಗಳಲ್ಲಿ ಮನೆಗೆ ಮರಳಿದ್ದ. ಹೋಗುವಾಗಲೂ ಬರುವಾಗಲೂ ಹಡಗಿನ ಡೆಕ್ಕಿನ ಮೇಲೆ ಅವನ ಸುತ್ತ ಹತ್ತು ಜನ ಕೂತಿರುತ್ತಿದ್ದರು. ಹಲ್ಲುನೋವು ಬಂದ ಆನೆ ಸೀಲೆಂಬ ದೈತ್ಯ ಕಡಲಪ್ರಾಣಿಯೊಂದು ತಾನಾಗಿ ತನ್ನ ಕೆಲಸದ ಶೆಡ್ಡಿನ ಬಾಗಿಲಿಗೆ ಬಂದು ಬಾಯಿ ತೆರೆದು ಕೂತದ್ದನ್ನೂ, ತಾನು ಪೈಪು ಹಿಡಿಯುವ ಇಕ್ಕಳದಿಂದ ಆ ಹಲ್ಲು ಕಿತ್ತದ್ದನ್ನೂ ಅವನು ಹೇಳುವಾಗ ಹೊಸಬರು ನಂಬುತ್ತಿದ್ದರು, ಹಳಬರು ನಂಬಿದಂತೆ ತಲೆ ಆಡಿಸುತ್ತಿದ್ದರು.

ಆ ವರ್ಷ ಹಡಗಿನಲ್ಲಿ ಡಾಕ್ಟರ್ ಗುನ್ವೋರ್ ಸ್ಕಾರೆ ಬಂದಳು. ರೋಗ ನೋಡುವ ಡಾಕ್ಟರಲ್ಲ. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ರಕ್ತದ ಬಗ್ಗೆ ಓದಿದವಳು. ಮೂವತ್ತೆರಡು ವರ್ಷ, ಗಂಡಸರ ಬೂಟು, ಕಿವಿ ಮುಚ್ಚುವ ಉಣ್ಣೆಯ ಟೋಪಿ. ತಿಮಿಂಗಿಲ ಒಂದೇ ಉಸಿರಿಗೆ ಅರ್ಧ ಗಂಟೆ ಹೇಗೆ ಮುಳುಗಿರುತ್ತದೆ, ಅದರ ರಕ್ತದಲ್ಲಿ ಅಷ್ಟು ಆಮ್ಲಜನಕ ಎಲ್ಲಿ ಅಡಗಿರುತ್ತದೆ ಎಂದು ಅಳೆಯುವುದು ಅವಳ ಕೆಲಸ. ಮೂರು ಪೆಟ್ಟಿಗೆ ಗಾಜಿನ ನಳಿಗೆಗಳನ್ನೂ ಒಂದು ಸೂಕ್ಷ್ಮದರ್ಶಕವನ್ನೂ ಮಗುವಿನ ಹಾಗೆ ಎತ್ತಿಕೊಂಡು ಇಳಿದಿದ್ದಳು. ಮುನ್ನೂರು ಗಂಡಸರಿರುವ ಕಡೆ ಒಬ್ಬ ಹೆಂಗಸು ಬಂದರೆ ಹೇಗೆ ಮಾತಾಡಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ "ಡಾಕ್ಟರಮ್ಮ" ಅಂದರು.

ಎರಡನೆಯ ವಾರದಲ್ಲೇ ಟೋರ್ಲೀಫ್ ಅವಳ ಕಿವಿಗೆ ಹೂ ಇಟ್ಟ.

ಹಾವುಮೀನಿನ ಬಾಲದಲ್ಲಿ ಪುಟ್ಟ ಹೃದಯದಂಥದ್ದೊಂದು ಮಿಡಿಯುತ್ತದೆ ಎಂದು ಅವಳೇ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಳು. ಅಷ್ಟೇ ಸಾಕಾಯಿತು. ಮಾರನೆಯ ದಿನ ದಡಕ್ಕೆ ಎಳೆದಿದ್ದ ತಿಮಿಂಗಿಲವೊಂದರ ಬಾಲದ ಬುಡವನ್ನು ಅವನು ಸೀಳಿ, ಅದರೊಳಗೆ ಆನೆ ಸೀಲಿನ ಹೃದಯ ಕೂರಿಸಿ, ರಕ್ತನಾಳಕ್ಕೆ ರಕ್ತನಾಳ ಜೋಡಿಸಿ ಹೊಲಿದ. ಪೈಪು ಜೋಡಿಸುವವನ ಕೈ. ಜೋಡಣೆ ಎಲ್ಲೂ ಎದ್ದು ಕಾಣಲಿಲ್ಲ. ಆಮೇಲೆ ಡಾಕ್ಟರಮ್ಮನನ್ನು ಕರೆದು, "ಇಲ್ಲೇನೋ ಗಂಟು ಇದ್ದಂಗಿದೆ, ನೋಡಿ" ಅಂದ. ಅವಳು ಇಡೀ ದಿನ ಅಳೆದಳು, ಚಿತ್ರ ಬರೆದಳು, ಮ್ಯಾನೇಜರರ ಮನೆಯ ಊಟದ ಮೇಜಿನಲ್ಲಿ ಮೂರು ಪುಟ ಓದಿ ಹೇಳಿದಳು. ಮಾರನೆಯ ಬೆಳಿಗ್ಗೆ ನಾಳದ ಒಳಗಿನಿಂದ ಹಾಯಿ ಹೊಲಿಯುವ ದಾರದ ತುಂಡು ಅವಳ ಇಕ್ಕಳಕ್ಕೆ ಸಿಕ್ಕಿತು.

ಕಾರ್ಖಾನೆ ಪೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು, ಒಂದೇ ಸಲ. "ಹೊಲಿಗೆ ಚೆನ್ನಾಗಿದೆ" ಅಂದಳು. ಆಮೇಲೆ ಟೋರ್ಲೀಫನ ಕಡೆ ನೋಡುವುದನ್ನು ಬಿಟ್ಟಳು. ಎದುರಿಗೆ ಸಿಕ್ಕರೆ ಗೋಡೆ ಸಿಕ್ಕಿತೇನೋ ಎಂಬಂತೆ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಇದು ಹಲ್ಲಿನ ಸಂದಿಯ ಮೀನುಮುಳ್ಳಿನ ಹಾಗೆ ಚುಚ್ಚತೊಡಗಿತು.

ಡಿಸೆಂಬರಿನ ಒಂದು ಮಧ್ಯಾಹ್ನ ಅವನು ಅಡುಗೆಮನೆಯ ನೀರಿನ ಪೈಪು ಬಿಗಿ ಮಾಡುತ್ತಿದ್ದ. ಅಡುಗೆಯ ಹಿಲ್ಮಾರ್ ಪಕ್ಕದಲ್ಲೇ ಮೀನು ಹೆಚ್ಚುತ್ತಿದ್ದ. ಕೊಲ್ಲಿಯಲ್ಲಿ ಹಿಡಿದ ಮಚ್ಚೆ ಮೀನುಗಳ ನಡುವೆ ಎರಡು ಮೊಸಳೆ ಮೀನು ಸಿಕ್ಕಿದ್ದವು. ಮೊಸಳೆಯ ಮೂತಿಯಂಥದ್ದೇ ಉದ್ದ ಮೂತಿ, ಮೈಮೇಲೆ ಒಂದು ಹುರುಪೆಯೂ ಇಲ್ಲ, ಹಿಡಿದರೆ ನೆನೆಸಿದ ಸಾಬೂನಿನಂತೆ ಜಾರುವ ಮಾಸಲು ಚರ್ಮ. ಹಿಲ್ಮಾರ್ ಒಂದರ ತಲೆ ಕತ್ತರಿಸಿದಾಗ ಹಲಗೆ ಒದ್ದೆಯಾಯಿತೇ ಹೊರತು ಕೆಂಪಾಗಲಿಲ್ಲ. ಕೆಂಪು ಇರಬೇಕಾದ ಕಿವಿರು ಕೆನೆಯ ಬಣ್ಣಕ್ಕಿತ್ತು.

ಡಾಕ್ಟರಮ್ಮ ಬಿಸಿನೀರು ಕೇಳಿಕೊಂಡು ಒಳಗೆ ಬಂದಳು. ಟೋರ್ಲೀಫನಿಗೆ ತಡೆಯಲಾಗಲಿಲ್ಲ.

"ಡಾಕ್ಟರಮ್ಮ, ನೆತ್ತರೇ ಇಲ್ಲದ ಮೀನು ನೋಡಿದ್ದೀರಾ?"

"ಬಾಲದಲ್ಲಿ ಹೃದಯ ಇರೋ ತಿಮಿಂಗಿಲ ನೋಡಿದ್ದೀನಿ. ಈ ವರ್ಷಕ್ಕೆ ಅಷ್ಟು ಸಾಕು."

"ಇದು ಸುಳ್ಳಲ್ಲ. ನೋಡಿ, ಹಲಗೆ ಮೇಲೇ ಇದೆ."

ಅವಳು ನೋಡಿದಳು. ಬೆರಳಿನಿಂದ ಕಿವಿರು ಮುಟ್ಟಿದಳು. "ಬೆಳಿಗ್ಗೆಯಿಂದ ಬಕೆಟ್ಟಲ್ಲಿ ಸತ್ತು ಬಿದ್ದಿರೋ ಮೀನು. ರಕ್ತ ಎಲ್ಲ ಸೋರಿ ಹೋಗಿದೆ, ಅಷ್ಟೆ."

"ಅದೇ ಬಕೆಟ್ಟಲ್ಲಿದ್ದ ಈ ಮಚ್ಚೆ ಮೀನಿಂದು ಸೋರಿಲ್ವಲ್ಲ?"

"ಟೋರ್ಲೀಫ್, ಬೆನ್ನುಮೂಳೆ ಇರೋ ಯಾವ ಪ್ರಾಣಿನಾದ್ರೂ ತಗೊಳ್ಳಿ. ಕಪ್ಪೆ, ಕೋಳಿ, ನೀವು, ನಾನು. ಬೆಳೆದ ಮೇಲೆ ಎಲ್ಲದಕ್ಕೂ ಕೆಂಪು ಕಣ ಬೇಕೇ ಬೇಕು. ಉಸಿರನ್ನ ಮೈಯೊಳಗೆಲ್ಲ ಹೊತ್ತುಕೊಂಡು ಹೋಗೋದೇ ಅದು. ಅದಿಲ್ಲ ಅಂದ್ರೆ ಪ್ರಾಣ ಇಲ್ಲ." ಬಿಸಿನೀರಿನ ಪಾತ್ರೆ ಎತ್ತಿಕೊಂಡಳು. "ಹಿಲ್ಮಾರ್, ನೀನೂ ಇವರ ಜೊತೆ ಸೇರ್ಕೊಂಡ್ಯಾ?"

"ನಾನು ಮೀನು ಹೆಚ್ಚೋನು ತಾಯಿ. ಹದಿನಾಲ್ಕು ವರ್ಷದಿಂದ ಹೆಚ್ಚುತ್ತಿದ್ದೀನಿ, ಮೊಸಳೆ ಮೀನಿಗೆ ಹಲಗೆ ತೊಳೆಯೋ ಕೆಲಸ ಕಮ್ಮಿ. ನನಗೆ ಗೊತ್ತಿರೋದು ಇಷ್ಟೇ."

ಅವಳು ಹೋದ ಮೇಲೆ ಹಿಲ್ಮಾರ್ ಚಾಕು ಒರೆಸುತ್ತ ನಕ್ಕ. "ಅನುಭವಿಸು ಮಾರಾಯ. ಜೀವಮಾನದಲ್ಲಿ ಒಂದು ನಿಜ ಹೇಳಿದೆ, ಅದನ್ನೂ ಯಾರೂ ತಗೊಳ್ಳಲಿಲ್ಲ."

ಟೋರ್ಲೀಫ್ ನಗಲಿಲ್ಲ. "ಜೀವ ಇರೋದನ್ನೇ ತಂದು ಅವಳ ಮುಂದೆ ಇಡ್ತೀನಿ" ಅಂದ.

ಅಂದಷ್ಟು ಸುಲಭವಾಗಿರಲಿಲ್ಲ. ಭಾನುವಾರ ಅವನು ದೋಣಿ ತೆಗೆದುಕೊಂಡು ಕೊಲ್ಲಿಯ ಬಾಯಿಯವರೆಗೆ ಹೋಗಿ, ಗಾಳಕ್ಕೆ ತಿಮಿಂಗಿಲದ ಮಾಂಸ ಸಿಕ್ಕಿಸಿ ಕೂತ. ಬಂದದ್ದೆಲ್ಲ ಮಚ್ಚೆ ಮೀನು. ಎರಡನೆಯ ಭಾನುವಾರವೂ ಅಷ್ಟೆ. ಬೇಡದಾಗ ಬುಟ್ಟಿಗಟ್ಟಲೆ ಬರುತ್ತಿದ್ದ ಮೊಸಳೆ ಮೀನು ಈಗ ಊರು ಬಿಟ್ಟು ಹೋದಂತಿತ್ತು. ಚರ್ಬಿ ಕತ್ತರಿಸುವವರು ದಡದಿಂದಲೇ ಕೂಗಿ ಕೇಳುತ್ತಿದ್ದರು: "ಏನಯ್ಯಾ, ಇವತ್ತು ಹೃದಯ ಹಿಡಿಯೋಕೆ ಹೋಗಿದ್ಯೋ, ಮೀನು ಹಿಡಿಯೋಕೋ?"

ಮೂರನೆಯ ಭಾನುವಾರ ಒಂದು ಸಿಕ್ಕಿತು. ಅರ್ಧ ಮೀಟರಿಗಿಂತ ಉದ್ದ, ಜೀವಂತ. ಬಕೆಟ್ಟಿನಲ್ಲಿ ಸಮುದ್ರದ ನೀರು ತುಂಬಿ ಅದರಲ್ಲಿ ಬಿಟ್ಟು, ಹುಟ್ಟು ಹಾಕುವ ತೋಳು ಬಿದ್ದುಹೋಗುವಷ್ಟು ವೇಗವಾಗಿ ದಡಕ್ಕೆ ಬಂದ. ಡಾಕ್ಟರಮ್ಮ ಮ್ಯಾನೇಜರರ ಮನೆಯಲ್ಲಿ ಊಟಕ್ಕೆ ಕೂತಿದ್ದಾಳೆ ಎಂದು ತಿಳಿಯಿತು. ಹೊರಗೆ ಹಿಮಗಾಳಿ ಬೀಸುತ್ತಿತ್ತು. ಪಾಪ, ಮೀನು ಮರಗಟ್ಟಿ ಹೋದೀತು ಎಂದು ಬಕೆಟ್ಟನ್ನು ಬಾಯ್ಲರ್ ಕೋಣೆಯೊಳಗೆ ಬೆಚ್ಚಗೆ ಇಟ್ಟು ಅವಳನ್ನು ಕರೆಯಲು ಓಡಿದ.

ಅವಳು ಕೈಯೊರೆಸಿಕೊಂಡು ಬರುವ ಹೊತ್ತಿಗೆ ಮೀನು ಬಾಯಿ ಅಗಲವಾಗಿ ತೆರೆದು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

"ಈಗ ತಾನೇ ಜೀವ ಇತ್ತು" ಅಂದ ಟೋರ್ಲೀಫ್.

"ಇದ್ದಿರಬಹುದು."

"ನಿಜವಾಗಿ."

ಅವಳು ಬಕೆಟ್ಟಿನೊಳಗೆ ಕೈ ಇಟ್ಟಳು. ಹುಬ್ಬು ಮೇಲೇರಿತು. "ಇದನ್ನ ಇಲ್ಲೇಕೆ ಇಟ್ರಿ?"

"ಚಳಿಯಾಗುತ್ತೆ ಅಂತ."

"ಚಳಿಯಾಗುತ್ತೆ ಅಂತ" ಎಂದು ಅವಳು ಮೆಲ್ಲಗೆ ಪುನಃ ಹೇಳಿದಳು. ನಗು ತಡೆದುಕೊಳ್ಳುತ್ತಿರುವುದು ಅವನಿಗೆ ಕಂಡಿತು. ಒಂದು ತಿಂಗಳಲ್ಲಿ ಅವಳು ಅವನ ಮುಖ ನೋಡಿದ್ದು ಅದೇ ಮೊದಲು. "ಹಿಮದ ನೀರಿನಲ್ಲೇ ಹುಟ್ಟಿ ಬೆಳೆದ ಮೀನಿಗೆ ನೀವು ಸಾರು ಮಾಡಿದ್ದೀರಿ. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತೆ. ಬೆಚ್ಚಗಾದ್ರೆ ಓಡಿಹೋಗುತ್ತೆ. ಪಾಪ, ಉಸಿರುಕಟ್ಟಿ ಸತ್ತಿದೆ."

"ಮಚ್ಚೆ ಮೀನನ್ನ ಹೀಗೇ ಇಟ್ಟಿದ್ದೀನಿ, ಇಷ್ಟು ಬೇಗ ಸಾಯಲ್ಲ."

ಅವಳು ಮೀನಿನ ಕಿವಿರು ಎತ್ತಿ ನೋಡಿದಳು. ಆಮೇಲೆ ಸತ್ತ ಮೀನನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಟೋರ್ಲೀಫ್ ಹಿಂದೆಯೇ ಹೋದ. ಬಾಗಿಲು ಮುಚ್ಚಲಿಲ್ಲವಾದ್ದರಿಂದ ಒಳಗೂ ಹೋದ. ಅವಳು ಹೊಟ್ಟೆ ಸೀಳಿ, ಹೃದಯದ ಪಕ್ಕದ ನಾಳಕ್ಕೆ ಸೂಜಿ ಚುಚ್ಚಿ ಎಳೆದಳು. ನೀರಿನಂಥದ್ದು ಬಂತು. ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಟೋರ್ಲೀಫ್ ಟೋಪಿ ಕೈಯಲ್ಲಿ ಹಿಡಿದು ಕಾದ.

"ಕೆಂಪು ಕಣ ಒಂದೂ ಇಲ್ಲ" ಅಂದಳು. "ಬಿಳಿ ಕಣ ಅಲ್ಲೊಂದು ಇಲ್ಲೊಂದು ಇದೆ." ತಿರುಗಿ ಅವನನ್ನು ದಿಟ್ಟಿಸಿದಳು. "ನಿಮ್ಮ ಹತ್ರ ಸಣ್ಣ ಕೈಪಂಪು ಇದೆ ಅಲ್ವಾ?"

"ಇದೆ. ನಾಲ್ಕು."

"ಮೀನಿನ ನಾಳದೊಳಗೆ ಉಪ್ಪುನೀರು ಬಿಟ್ಟು ರಕ್ತಾನೆಲ್ಲ ತೊಳೆದು ಹಾಕೋದು ನಿಮಗೆ ಕಷ್ಟದ ಕೆಲಸ ಅಲ್ಲ."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಏಕೆಂದರೆ ಉಪಾಯ ಚೆನ್ನಾಗಿತ್ತು. ತನಗೆ ಹೊಳೆಯಲಿಲ್ಲವಲ್ಲ ಎಂದು ಒಂದು ಕ್ಷಣ ಬೇಸರವೂ ಆಯಿತು.

"ಡಾಕ್ಟರಮ್ಮ, ಆ ಬಾಲದ ಹೃದಯ ಹೊಲಿಯೋಕೆ ನನಗೆ ಒಂದು ಗಂಟೆ ಹಿಡೀತು. ಆದರೆ ಇಂಥ ಮೀನನ್ನ ತಯಾರು ಮಾಡೋಷ್ಟು ಕೆಲಸ ನನಗೆ ಬರಲ್ಲ. ನಂಬಿಕೆ ಇಲ್ಲ ಅಂದ್ರೆ ನನ್ನ ಕೈ ಮುಟ್ಟಿದ ಮೀನೇ ನಿಮಗೆ ಬೇಡ. ದೋಣಿಗೆ ಬನ್ನಿ. ನೀವೇ ಗಾಳ ಹಾಕಿ, ನೀವೇ ಎಳೀರಿ, ನೀವೇ ಕುಯ್ಯಿರಿ. ನಾನು ಹುಟ್ಟು ಬಿಟ್ಟು ಬೇರೇನೂ ಮುಟ್ಟಲ್ಲ."

ಅವಳು ಸೂಜಿ ಒರೆಸಿಟ್ಟಳು. "ನನಗೆ ದೋಣಿ ಅಂದ್ರೆ ವಾಂತಿ ಬರುತ್ತೆ."

"ಬರಲಿ. ಮೀನಿಗೆ ಅದೂ ಒಂದು ಊಟ."

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಹೊರಟರು. ಹಿಲ್ಮಾರ್ ಥರ್ಮಾಸಿನಲ್ಲಿ ಕಾಫಿ, ಕಂದು ಚೀಸ್ ಹಚ್ಚಿದ ಬ್ರೆಡ್ಡು ಕಟ್ಟಿಕೊಟ್ಟು, "ಅವಳನ್ನ ನೀರಿಗೆ ಬೀಳಿಸ್ಬೇಡ. ಇಲ್ಲಿ ನನ್ನ ಅಡುಗೆ ಹೊಗಳೋಳು ಅವಳೊಬ್ಬಳೇ" ಅಂದ. ಬೆಟ್ಟಗಳ ಮೇಲೆ ಬಿಸಿಲಿತ್ತು, ನೀರು ಸೀಸದ ಹಾಗೆ ಭಾರವಾಗಿ ಅಲುಗುತ್ತಿತ್ತು. ಕಾರ್ಖಾನೆಯ ವಾಸನೆ ಹಿಂದೆ ಉಳಿದ ಮೇಲೆ ಡಾಕ್ಟರಮ್ಮ ಮೊದಲ ಸಲ ಬಗ್ಗಿದಳು. ಎರಡನೆಯ ಸಲವೂ ಬಗ್ಗಿದಳು. ಮುಖ ತೊಳೆದುಕೊಂಡು, ಗಾಳದ ಹಗ್ಗ ಬೆರಳಿಗೆ ಸುತ್ತಿಕೊಂಡು, "ಮಾತಾಡ್ಸಿ, ಸುಮ್ಮನಿದ್ರೆ ಜಾಸ್ತಿ ಆಗುತ್ತೆ" ಅಂದಳು.

"ಒಂದು ಸಲ ಒಂದು ಆನೆ ಸೀಲಿಗೆ ಹಲ್ಲುನೋವು..."

"ನಿಜದ್ದು ಯಾವುದಾದ್ರೂ."

ಟೋರ್ಲೀಫ್ ಹುಟ್ಟು ನಿಲ್ಲಿಸಿದ. ನಿಜದ್ದನ್ನು ಹುಡುಕಲು ಅವನಿಗೆ ತುಸು ಹೊತ್ತೇ ಬೇಕಾಯಿತು. ಕಡೆಗೆ ತನ್ನ ಹೆಂಡತಿ ಬೋರ್ಗಿಲ್ಡಳ ಬಗ್ಗೆ ಹೇಳಿದ: ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಎಲ್ಲ ಸೇರಿಸಿದರೆ ತಾವಿಬ್ಬರೂ ಒಟ್ಟಿಗಿದ್ದದ್ದು ಹನ್ನೆರಡೇ ವರ್ಷ, ಅದರಲ್ಲೂ ಮೊದಲ ವಾರ ಪ್ರತಿ ಸಲ ಅವಳು ತನ್ನನ್ನು ಹೊಸ ಬಾಡಿಗೆದಾರನ ಹಾಗೆ ನೋಡುತ್ತಾಳೆ, ಎರಡನೆಯ ವಾರ ಬೈಯಲು ಶುರು ಮಾಡುತ್ತಾಳೆ, ಆಗ ಮನೆಗೆ ಬಂದೆ ಅನ್ನಿಸುತ್ತದೆ. ಗುನ್ವೋರ್ ನಕ್ಕಳು. ತಾನು ಓದುವಾಗ ಪ್ರಾಧ್ಯಾಪಕರೊಬ್ಬರು ತನ್ನನ್ನು ಮೂರು ವರ್ಷ ಗ್ರಂಥಾಲಯದ ಸಹಾಯಕಿ ಎಂದೇ ತಿಳಿದಿದ್ದರೆಂದೂ, ತಾನು ಪರೀಕ್ಷೆಯಲ್ಲಿ ಮೊದಲು ಬಂದ ದಿನವೂ ಅವರು ಪುಸ್ತಕ ತರಲು ಹೇಳಿದರೆಂದೂ ಹೇಳಿದಳು.

"ತಂದುಕೊಟ್ರಾ?"

"ತಂದುಕೊಟ್ಟೆ. ಒಳ್ಳೆ ಪುಸ್ತಕ ಅದು."

ಅಷ್ಟರಲ್ಲಿ ಹಗ್ಗ ಜಗ್ಗಿತು. ಟೋರ್ಲೀಫನ ಕೈ ತಾನಾಗಿ ಮುಂದೆ ಹೋಯಿತು. "ಮುಟ್ಟಬೇಡಿ" ಎಂದು ಅವಳು ಗದರಿದಳು. ಎಳೆಯಲು ಬರದವಳು ಹೇಗೆ ಎಳೆಯುತ್ತಾಳೋ ಹಾಗೆ, ಮೊಣಕಾಲೂರಿ, ಹಗ್ಗವನ್ನೆಲ್ಲ ತನ್ನ ಮೈಗೇ ಸುತ್ತಿಕೊಂಡು ಎಳೆದಳು. ಮಚ್ಚೆ ಮೀನು. ಬಿಡಿಸಿ ಮತ್ತೆ ಹಾಕಿದಳು. ಮತ್ತೆ ಮಚ್ಚೆ ಮೀನು. ಐದನೆಯದು ನೀರಿನ ಮೇಲಕ್ಕೆ ಬಂದಾಗ ಮೊದಲು ಕಂಡದ್ದು ಉದ್ದ ಮೂತಿ.

ದೋಣಿಯ ತಳದಲ್ಲಿ ಅದು ಬಾಲ ಬಡಿಯಿತು. ಗುನ್ವೋರ್ ಅದರ ಬೆನ್ನಿನ ಮೇಲೆ ಮೊಣಕೈ ಊರಿ, ಕಿವಿರಿನ ಮುಚ್ಚಳ ಎತ್ತಿ ನೋಡಿದಳು. ಕೆನೆಬಿಳಿ, ಮಿಡಿಯುತ್ತಿತ್ತು. ಪಕ್ಕದಲ್ಲಿದ್ದ ಮಚ್ಚೆ ಮೀನಿನ ಕಿವಿರು ಎತ್ತಿದಳು. ದಾಸವಾಳದ ಕೆಂಪು. ಆಮೇಲೆ ಚೀಲದಿಂದ ಕತ್ತರಿ ತೆಗೆದು ಎರಡರ ಬಾಲದ ನಾಳವನ್ನೂ ಕತ್ತರಿಸಿ, ಎರಡು ಗಾಜಿನ ನಳಿಗೆಗಳನ್ನು ಹಿಡಿದಳು. ಒಂದರೊಳಗೆ ಕೆಂಪು ಇಳಿಯಿತು. ಇನ್ನೊಂದರೊಳಗೆ ಇಳಿದದ್ದು ಕಾಣಬೇಕಾದರೆ ಬಿಸಿಲಿಗೆ ಹಿಡಿಯಬೇಕಾಯಿತು.

ಅವಳು ಎರಡು ನಳಿಗೆಗಳನ್ನೂ ಪಕ್ಕಪಕ್ಕ ಎತ್ತಿ ಹಿಡಿದು ಕೂತಳು. ವಾಂತಿಯ ನೆನಪೂ ಅವಳಿಗಿದ್ದಂತಿರಲಿಲ್ಲ. ಟೋರ್ಲೀಫ್ ಕಾಫಿ ಬಗ್ಗಿಸಿ ಕೊಟ್ಟ. ಕೈ ಖಾಲಿಯಿಲ್ಲವೆಂದು ಅವಳು ಅವನ ಕೈಯಲ್ಲೇ ಇದ್ದ ಬಟ್ಟಲಿಗೆ ಬಾಯಿ ಹಚ್ಚಿ ಕುಡಿದಳು.

"ಬದುಕಿರೋಕೇ ಆಗಲ್ಲ ಇದಕ್ಕೆ" ಅಂದಳು ಕಡೆಗೆ. "ಆದ್ರೆ ನನ್ನ ಬೂಟು ಕಚ್ತಾ ಇದೆ."

ಆವತ್ತಿನಿಂದ ತಿಮಿಂಗಿಲಗಳಿಗೆ ಅರ್ಧ ದಿನ, ಮೊಸಳೆ ಮೀನಿಗೆ ಅರ್ಧ ದಿನ ಎಂದಾಯಿತು. ಟೋರ್ಲೀಫ್ ಹಳೆಯ ಎಣ್ಣೆ ತೊಟ್ಟಿಯೊಂದನ್ನು ಉಜ್ಜಿ, ದಡದ ಶೆಡ್ಡಿನೊಳಗೆ ಇಟ್ಟು, ಸಮುದ್ರದ ನೀರು ಒಂದು ಕಡೆಯಿಂದ ಸದಾ ಒಳಬಂದು ಇನ್ನೊಂದು ಕಡೆಯಿಂದ ಹರಿದುಹೋಗುವಂತೆ ಪೈಪು ಹಾಕಿದ. ಐಸಿನ ಗಡ್ಡೆಗಳನ್ನೂ ಅದರಲ್ಲಿ ತೇಲಿಬಿಟ್ಟ. ಆಮೇಲೆ ಹಿಡಿದ ಮೊಸಳೆ ಮೀನೊಂದು ಅಲ್ಲಿ ಮೂರು ವಾರ ಬದುಕಿತು. ಬಹಳ ಓಡಾಡುವ ಪೈಕಿಯಲ್ಲ. ತಳದಲ್ಲಿ ರೆಕ್ಕೆ ಊರಿಕೊಂಡು, ಭಾನುವಾರ ಮಧ್ಯಾಹ್ನದ ಮುದುಕರ ಹಾಗೆ ಬಿದ್ದಿರುತ್ತಿತ್ತು. ಚರ್ಬಿ ಕತ್ತರಿಸುವವರು ಕೆಲಸ ಬಿಟ್ಟು ಬಂದು ಇಣುಕುತ್ತಿದ್ದರು. "ಹದಿನೈದು ವರ್ಷ ಇದನ್ನ ಹುರಿದು ತಿಂದಿದ್ದೀವಿ. ಇದು ದೊಡ್ಡ ಮನುಷ್ಯ ಅಂತ ಯಾರಿಗೆ ಗೊತ್ತಿತ್ತು" ಅಂದ ಅವರಲ್ಲೊಬ್ಬ.

ಗುನ್ವೋರ್ ತಿಮಿಂಗಿಲದ ರಕ್ತಕ್ಕೆಂದು ತಂದಿದ್ದ ಗಾಜಿನ ಯಂತ್ರದಲ್ಲೇ ಇದರ ರಕ್ತವನ್ನೂ ಅಳೆದಳು. ಮಚ್ಚೆ ಮೀನಿನ ರಕ್ತ ಹತ್ತು ಪಾಲು ಆಮ್ಲಜನಕ ಹೊತ್ತರೆ ಇದರದ್ದು ಒಂದು ಪಾಲು. ಬರೀ ನೀರಿನಲ್ಲಿ ಎಷ್ಟು ಕರಗುತ್ತದೋ ಅಷ್ಟೇ. ಎರಡು ಸಲ ಅಳೆದಳು, ಏಳು ಸಲ ಅಳೆದಳು. ಅಂಕಿ ಬದಲಾಗಲಿಲ್ಲ. ಹತ್ತರಲ್ಲಿ ಒಂದು ಪಾಲಿನಿಂದ ಇಷ್ಟು ದೊಡ್ಡ ಮೀನು ಹೇಗೆ ಸಂಸಾರ ನಡೆಸುತ್ತದೆ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಊಟದ ಮೇಜಿನಲ್ಲಿ ಮೀನಿನ ವಡೆಯನ್ನು ಚಮಚದಿಂದ ಇಬ್ಭಾಗ ಮಾಡಿ, ತಿನ್ನದೆ ಅದನ್ನೇ ನೋಡುತ್ತ ಕೂರುತ್ತಿದ್ದಳು. ಹಿಲ್ಮಾರನಿಗೆ ಅದರಿಂದ ತುಂಬ ನೋವಾಯಿತು.

ಫೆಬ್ರವರಿಯಲ್ಲಿ ಒಂದು ದಿನ ಟೋರ್ಲೀಫ್ ಅವಳ ಕೋಣೆಯ ಒಲೆಯ ಹೊಗೆಕೊಳವೆ ಸರಿಮಾಡಲು ಹೋದಾಗ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಒಂದರಲ್ಲಿ ಮಚ್ಚೆ ಮೀನಿನ ಹೃದಯ, ಇನ್ನೊಂದರಲ್ಲಿ ಆ ಮೀನಿನಷ್ಟೇ ತೂಕದ ಮೊಸಳೆ ಮೀನೊಂದರ ಹೃದಯ. ಮೊದಲನೆಯದು ಕಡಲೆಬೀಜದಷ್ಟಿದ್ದರೆ ಎರಡನೆಯದು ದೊಡ್ಡ ಅಡಿಕೆಯಷ್ಟಿತ್ತು.

"ಇದೇನು, ಇಷ್ಟು ದಪ್ಪ?"

"ಅದೇ ಗೊತ್ತಾಗ್ತಿಲ್ಲ. ನಾಳಗಳೂ ಅಷ್ಟೆ, ಎಲ್ಲಾ ಅಗಲ. ಮೈಯಲ್ಲಿರೋ ರಕ್ತಾನೂ ಬೇರೆ ಮೀನಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಕೆಲಸಕ್ಕೆ ಬಾರದ ರಕ್ತ ಇಟ್ಕೊಂಡು ಇಷ್ಟೊಂದು ಯಾಕೆ?"

ಟೋರ್ಲೀಫ್ ಹೊಗೆಕೊಳವೆಯನ್ನು ಕೆಳಗಿಟ್ಟ. ಕೈಯ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕೆಲಸಕ್ಕೆ ಬಾರದ್ದು ಅಂತಲೇ ಜಾಸ್ತಿ. ಈಗ ನೋಡಿ, ದೊಡ್ಡ ಕೊಪ್ಪರಿಗೆಗೆ ಬಿಸಿ ಹಬೆ ಕಳಿಸ್ತೀನಿ, ಸಣ್ಣ ಪೈಪು ಸಾಕು. ಹಬೆಯಲ್ಲಿ ಕಾವು ತುಂಬಿರುತ್ತೆ. ಅದೇ ಕೊಪ್ಪರಿಗೇನ ಉಗುರುಬೆಚ್ಚಗಿನ ನೀರು ಹರಿಸಿ ಕಾಯಿಸು ಅಂದ್ರೆ? ಪೈಪು ಅಗಲ ಮಾಡ್ಬೇಕು, ಪಂಪು ದೊಡ್ಡದು ಹಾಕ್ಬೇಕು, ನೀರು ನಿಲ್ಲದೆ ಹರೀತಾನೇ ಇರ್ಬೇಕು. ಪೈಪು ಅಗಲ ಇದ್ರೆ ಒತ್ತಡ ಹೆಚ್ಚು ಬೇಡ. ನೀರೂ ತೆಳ್ಳಗಿರೋದ್ರಿಂದ ಸಲೀಸಾಗಿ ಹೋಗುತ್ತೆ. ಒಂದೊಂದು ಲೋಟದಲ್ಲಿ ಇರೋದು ಕಮ್ಮಿ, ಅದಕ್ಕೇ ಲೋಟ ಜಾಸ್ತಿ."

ಗುನ್ವೋರ್ ಕುರ್ಚಿ ಎಳೆದುಕೊಂಡು ಕೂತಳು. "ಇನ್ನೊಂದು ಸಲ ಹೇಳಿ. ನಿಧಾನವಾಗಿ."

ಅವನು ಇನ್ನೊಂದು ಸಲ ಹೇಳಿದ. ಅವಳು ಬರೆದುಕೊಂಡಳು. ನಡುವೆ ಪೆನ್ಸಿಲ್ಲು ಮುರಿಯಿತು, ಅವನು ಜೇಬಿನಿಂದ ಪೈಪಿಗೆ ಗುರುತು ಹಾಕುವ ದಪ್ಪ ಪೆನ್ಸಿಲ್ಲು ಕೊಟ್ಟ. ಅವಳು ಅದರಲ್ಲೇ ಮುಂದುವರಿಸಿದಳು: ತಣ್ಣೀರಲ್ಲಿ ಆಮ್ಲಜನಕ ಧಾರಾಳ; ಮೀನು ಸೋಮಾರಿ, ಬೇಕಾದದ್ದು ಕಡಿಮೆ; ಹುರುಪೆಯಿಲ್ಲದ ಚರ್ಮದಿಂದಲೂ ಒಂದಿಷ್ಟು ಒಳಗಿಳಿಯುತ್ತಿರಬೇಕು; ಉಳಿದದ್ದನ್ನು ದೊಡ್ಡ ಪಂಪು ನೋಡಿಕೊಳ್ಳುತ್ತದೆ. ಆಮೇಲೆ ತಲೆಯೆತ್ತಿ, "ನೀವು ಸುಳ್ಳು ಹೇಳೋದ್ರಲ್ಲಿ ಇಷ್ಟು ವರ್ಷ ದಂಡ ಮಾಡಿದ್ರಿ" ಅಂದಳು.

ಅವನ ಕಿವಿ ಕೆಂಪಾಯಿತು. ಒಲೆಯ ಕಡೆ ತಿರುಗಿ ಹೊಗೆಕೊಳವೆಯನ್ನು ತಲೆಕೆಳಗಾಗಿ ಜೋಡಿಸಿದ. ಮತ್ತೆ ಬಿಚ್ಚಬೇಕಾಯಿತು.

ಮೇ ತಿಂಗಳಲ್ಲಿ ಎಲ್ಲರೂ ಮನೆಗೆ ಮರಳಿದರು. ಜೂನ್ ಕಡೆಯಲ್ಲಿ ನೋಟೆರೋಯ್ ದ್ವೀಪದ ಅವನ ಮನೆಗೆ ಓಸ್ಲೋದಿಂದ ಕಾಗದ ಬಂತು. ಬೋರ್ಗಿಲ್ಡ್ ಸೇಬಿನ ಮರದ ಕೆಳಗೆ ಕೂತು ಅದನ್ನು ಗಟ್ಟಿಯಾಗಿ ಓದಿದಳು. ಪ್ರಾಧ್ಯಾಪಕರು ಡಾಕ್ಟರಮ್ಮನ ವರದಿ ಓದಿ ನಕ್ಕಿದ್ದಾರೆ, ತಿಮಿಂಗಿಲ ಬೇಟೆಯವರು ಆ ಹುಡುಗಿಯನ್ನು ಆಟ ಆಡಿಸಿ ಕಳಿಸಿದ್ದಾರೆ ಎನ್ನುತ್ತಿದ್ದಾರೆ, ಮುಂದಿನ ಗುರುವಾರ ಅವರ ಎದುರು ಅವಳು ಮಾತಾಡಬೇಕು, ಮೀನಿನ ಜೊತೆ ಹದಿನೇಳು ವರ್ಷ ಕಳೆದವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು, ಬರುತ್ತೀರಾ.

ಬೋರ್ಗಿಲ್ಡ್ ಕಾಗದ ಮಡಿಚಿ ತೊಡೆಯ ಮೇಲಿಟ್ಟಳು. "ನಿಮ್ಮನ್ನ ಸಾಕ್ಷಿಗೆ ಕರೆದಿದ್ದಾಳೆ."

"ಹೂಂ."

"ನಿಮ್ಮನ್ನ."

"ಓದಿದ್ಯಲ್ಲ, ನನ್ನನ್ನೇ."

"ನಾನೂ ಬರ್ತೀನಿ" ಅಂದಳು ಅವಳು. "ಇದನ್ನ ನೋಡದೆ ಬಿಡೋಕಾಗಲ್ಲ."

ಗುರುವಾರ ಹತ್ತು ಗಂಟೆಗೆ ಮದುವೆಯ ಕಪ್ಪು ಕೋಟು ತೊಟ್ಟು ಟೋರ್ಲೀಫ್ ಉದ್ದನೆಯ ಮೇಜಿನ ತುದಿಯಲ್ಲಿ ನಿಂತಿದ್ದ. ಎದುರಿಗೆ ಒಂಬತ್ತು ಜನ ಪ್ರಾಧ್ಯಾಪಕರು. ಬೋರ್ಗಿಲ್ಡ್ ಬಾಗಿಲ ಪಕ್ಕದ ಬೆಂಚಿನಲ್ಲಿ ಕೈಚೀಲ ಹಿಡಿದು ಕೂತಿದ್ದಳು. ಗುನ್ವೋರ್ ಅಂಕಿಗಳನ್ನು ಓದಿದಳು, ಮೊಹರು ಮಾಡಿದ ನಳಿಗೆಗಳನ್ನು ತೋರಿಸಿದಳು, ಜಾಡಿಯಲ್ಲಿದ್ದ ಮೀನನ್ನು ಮೇಜಿನ ಮೇಲಿಟ್ಟಳು. ಯಾರ ಮುಖವೂ ಸಡಿಲಾಗಲಿಲ್ಲ. ನಡುವೆ ಕೂತಿದ್ದ ಬಿಳಿ ಗಡ್ಡದವರು ಟೋರ್ಲೀಫನ ಕಡೆ ತಿರುಗಿ, "ನೀವು ಹೇಳಿ. ಏನು ಕಂಡಿದ್ದೀರಿ?" ಎಂದು ಕೇಳಿದರು.

ಗುನ್ವೋರಳೂ ಸೇರಿ ಹತ್ತು ಜನ ಸುತ್ತ ಕೂತು ಬಾಯಿ ನೋಡುತ್ತಿದ್ದಾರೆ. ಅವನ ಬದುಕಿನಲ್ಲಿ ಇದಕ್ಕಿಂತ ಒಳ್ಳೆಯ ಸಭೆ ಸಿಕ್ಕಿರಲಿಲ್ಲ. ನಾಲಗೆ ತುದಿಗೆ ಎಷ್ಟೋ ಬಂದವು. ಕತ್ತಲಲ್ಲಿ ಹೊಳೆಯುವ ಮೀನು, ಗಾಜಿನಂಥ ಮೈಯೊಳಗೆ ನುಂಗಿದ ಮೀನು ಕಾಣುವ ಮೀನು. ಅವನು ಕೋಟಿನ ಗುಂಡಿ ಹಿಡಿದುಕೊಂಡ.

"ಈ ಮೀನನ್ನ ಕುಯ್ಯೋದು ನಾನು ನೂರಾರು ಸಲ ನೋಡಿದ್ದೀನಿ. ಯಾವತ್ತೂ ಕೆಂಪು ಬಂದಿಲ್ಲ. ಡಾಕ್ಟರಮ್ಮನೂ ನನ್ನ ಮಾತು ನಂಬಲಿಲ್ಲ, ನಂಬದೇ ಇದ್ದದ್ದು ಸರಿಯೇ. ಆಮೇಲೆ ಅವರೇ ಹಿಡಿದ್ರು, ಅವರೇ ಕುಯ್ದ್ರು. ನಾನು ಹುಟ್ಟು ಹಾಕ್ತಾ ಇದ್ದೆ." ಸ್ವಲ್ಪ ನಿಲ್ಲಿಸಿ, "ಹುರಿದ್ರೆ ರುಚಿ ಚೆನ್ನಾಗಿರುತ್ತೆ" ಎಂದು ಸೇರಿಸಿದ.

ಬಿಳಿ ಗಡ್ಡದವರು ಜಾಡಿಯನ್ನು ತಮ್ಮ ಕಡೆ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನೋಡಿದರು.

"ಹೃದಯ ಎಷ್ಟು ತೂಗಿತು ಅಂದ್ರಿ?" ಎಂದು ಗುನ್ವೋರಳನ್ನು ಕೇಳಿದರು.

ಅವಳು ಹೇಳಿದಳು. ಇನ್ನೊಬ್ಬರು ನಾಳದ ಅಗಲ ಕೇಳಿದರು. ಮೂರನೆಯವರು ನೀರಿನ ಉಷ್ಣಾಂಶ ಕೇಳಿದರು. ಹನ್ನೊಂದೂವರೆಯ ಹೊತ್ತಿಗೆ ಒಂಬತ್ತು ಜನವೂ ಒಟ್ಟಿಗೇ ಮಾತಾಡುತ್ತಿದ್ದರು, ಕುರ್ಚಿ ಬಿಟ್ಟು ಎದ್ದು ಮೀನಿನ ಸುತ್ತ ನಿಂತಿದ್ದರು, ಸಾಕ್ಷಿದಾರ ಅಲ್ಲಿದ್ದಾನೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಬೋರ್ಗಿಲ್ಡ್ ಬಂದು ಅವನ ತೋಳು ಹಿಡಿದಳು. "ಬನ್ನಿ, ಹೋಗೋಣ. ಆರೇ ಆರು ಮಾತು ಆಡಿದ್ರಿ. ನಾನು ಲೆಕ್ಕ ಇಟ್ಟೆ."

ಮಧ್ಯಾಹ್ನ ಮೂವರೂ ಬಂದರಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ದೋಣಿಯಿಂದಲೇ ಕೊಂಡ ಬೇಯಿಸಿದ ಸಿಗಡಿ ಸುಲಿದು ತಿಂದರು. ಬಿಸಿಲಿಗೆ ಗುನ್ವೋರ್ ಬೂಟು ಬಿಚ್ಚಿಟ್ಟಿದ್ದಳು. ಅಕ್ಟೋಬರಿನಲ್ಲಿ ಮತ್ತೆ ಹೋಗಲು ಅನುಮತಿ ಸಿಕ್ಕಿದೆ, ಈ ಸಲ ಮೀನಿಗೆಂದೇ ಹೋಗುವುದು ಎಂದಳು.

"ಮರಿಗಳಿಗೂ ಬಿಳಿ ರಕ್ತವೇ ಇರುತ್ತಾ ಟೋರ್ಲೀಫ್? ಮೊಟ್ಟೆಯಿಂದ ಬರೋವಾಗಲೇ?"

ಟೋರ್ಲೀಫ್ ಸಿಗಡಿಯ ತಲೆ ಕಿತ್ತು ಗಲ್ ಹಕ್ಕಿಗಳಿಗೆ ಎಸೆದ. "ಮರಿ ನಾನು ನೋಡೇ ಇಲ್ಲ. ಎಲ್ಲಿ ಮೊಟ್ಟೆ ಇಡುತ್ತೋ ಅದೂ ಗೊತ್ತಿಲ್ಲ. ಕೊಲ್ಲಿಯ ಆಚೆ ಕಲ್ಲುಗಳಿರೋ ಕಡೆ ಹುಡುಕಬೇಕು. ಬಲೆ ಬೇಕು, ಸಣ್ಣ ಕಣ್ಣಿಂದು."

"ಬಲೆ ನಾನು ಹೆಣೆದು ಕೊಡ್ತೀನಿ" ಅಂದಳು ಬೋರ್ಗಿಲ್ಡ್. "ಎಷ್ಟು ಸಣ್ಣ ಕಣ್ಣು ಬೇಕು, ತೋರಿಸಿ."

ಗುನ್ವೋರ್ ಸಿಗಡಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಅಳತೆ ತೋರಿಸಿದಳು. ಬೋರ್ಗಿಲ್ಡ್ ಅವಳ ಬೆರಳುಗಳನ್ನು ಹಿಡಿದು ಇನ್ನೂ ತುಸು ಹತ್ತಿರ ಮಾಡಿ, ಇಷ್ಟಾದರೆ ಯಾವ ಮರಿಯೂ ತಪ್ಪಿಸಿಕೊಳ್ಳುವುದಿಲ್ಲ ಎಂದಳು.